ಕೋಳಿ ಫೀಡ್ ಸಿಗದ ಅಂಗಡಿ

ಝೆರಾಕ್ಸ್ ಕಾಕನ ಎಡಗೈ ತೋರುಬೆರಳು ಸದಾ ಟೋನರಿನಿಂದ ಕಪ್ಪಾಗಿರುತ್ತಿತ್ತು. ಚುನಾವಣೆ ಇರಲಿ ಬಿಡಲಿ, ಇವರು ದಿನಕ್ಕೊಂದು ಓಟು ಹಾಕಿ ಬರುತ್ತಾರೆ ಎಂದು ನಾನು ಕ್ಲಾಸಿನಲ್ಲಿ ಸುದ್ದಿ ಹಬ್ಬಿಸಿದ್ದೆ. ಇಬ್ಬರು ನಂಬಿದ್ದರು.

ಬಿಕರ್ನಕಟ್ಟೆಯ ಅವರ ಅಂಗಡಿ ಎಷ್ಟು ಸಣ್ಣದೆಂದರೆ, ಗಿರಾಕಿ ಒಳಗೆ ಬರಬೇಕಾದರೆ ಕಾಕ ಹೊಟ್ಟೆ ಎಳೆದುಕೊಳ್ಳಬೇಕು. ಅಲ್ಲಿ ನನಗಿಂತ ಹಿರಿಯ ಕಂಪ್ಯೂಟರ್, ಅದರಲ್ಲೊಂದು ಫೀಡ್ ರೀಡರ್. ಮೆಚ್ಚಿದ ವೆಬ್‌ಸೈಟುಗಳ ಫೀಡುಗಳನ್ನೆಲ್ಲ ಕಾಕ ಅದಕ್ಕೆ ಸೇರಿಸಿದ್ದರು. ಯಾವ ಸೈಟಿನಲ್ಲಿ ಹೊಸತು ಬಂದರೂ ತಾನಾಗಿ ಆ ಪಟ್ಟಿಯ ಮೇಲ್ತುದಿಗೆ ಬಂದು ಕೂರುತ್ತಿತ್ತು. ಓದುವುದು ಮಾತ್ರ ಕೆಳಗಿನಿಂದ ಮೇಲಕ್ಕೆ. ಅಂಗಡಿಯ ಕ್ಯೂವಿನ ನಿಯಮವೇ ಅಲ್ಲಿಗೂ: ಮೊದಲು ಬಂದವನಿಗೆ ಮೊದಲು.

"ಈಗ ಇದನ್ನೆಲ್ಲ ಯಾರು ನೋಡ್ತಾರೆ ಕಾಕ? ಫೋನೇ ತೋರಿಸ್ತದೆ ಅಲ್ವಾ," ಎಂದೆ ಒಮ್ಮೆ.

"ನಾನು ಎಂತ ಓದಬೇಕು ಅಂತ ಫೋನ್ ಹೇಳುವುದಾ? ಹೇಳ್ಲಿಕ್ಕೆ ಮನೆಯಲ್ಲಿ ಒಬ್ಬಳು ಉಂಟು. ಅಷ್ಟು ಸಾಕು ಮಾರಾಯ್ತಿ."

ಈ ವಿದ್ಯೆ ಊರಿಗೆಲ್ಲ ಸಿಗಲಿ ಎಂದು ನಾನು ರಟ್ಟಿನ ಬೋರ್ಡ್ ಬರೆದು ತೂಗುಹಾಕಿದೆ: 'ಇಲ್ಲಿ ಫೀಡ್ ಹಾಕಿ ಕೊಡಲಾಗುವುದು.' ಮರುದಿನ ಕುಲಶೇಖರದ ಒಬ್ಬರು ಹೆಂಗಸು ಗೋಣಿಚೀಲ ಹಿಡಿದು ರಿಕ್ಷಾದಿಂದ ಇಳಿದರು.

"ಕೋಳಿ ಫೀಡ್ ಹತ್ತು ಕಿಲೋ ಕೊಡಿ."

ಕಾಕ ಗಂಭೀರವಾಗಿ ಕೇಳಿದರು, "ನಿಮ್ಮ ಕೋಳಿಗೆ ಓದ್ಲಿಕ್ಕೆ ಬರ್ತದಾ ಅಕ್ಕ?"

ಅಂದಿನಿಂದ ನನ್ನ ಹೆಸರೇ 'ಕೋಳಿ' ಆಯಿತು.

ಹತ್ತನೇ ಕ್ಲಾಸ್ ಮುಗಿದಾಗ ನನಗೆ ಬೇಕಿದ್ದದ್ದು ಒಂದೇ, ಡಿಪ್ಲೊಮಾ ಸೀಟು. ದಾಖಲೆ ತೋರಿಸಲು ಶುಕ್ರವಾರ ಕಾಲೇಜಿಗೆ ಹೋಗಬೇಕು ಎಂದು ವಾಟ್ಸಾಪ್ ಗ್ರೂಪಿನಲ್ಲಿ ಸಾವಿರ ಸಲ ಬಂದಿತ್ತು. ಜುಮ್ಮಾ ನಮಾಜಿಗಲ್ಲದೆ ಹಗಲು ಶಟರ್ ಎಳೆಯದ ಕಾಕ ಬುಧವಾರ ಮಧ್ಯಾಹ್ನ ಶಟರ್ ಎಳೆದು, ಸ್ಕೂಟರಿನಲ್ಲಿ ನಮ್ಮ ಅಂಗಳಕ್ಕೇ ಬಂದರು.

"ಕೋಳೀ, ಸರ್ಟಿಫಿಕೇಟ್ ಹಿಡ್ಕೊ. ಇವತ್ತೇ ಲಾಸ್ಟ್. ಡೇಟ್ ಹಿಂದೆ ಹಾಕಿದ್ದಾರೆ, ಈಗಷ್ಟೇ ಕಾಲೇಜಿನ ಫೀಡಲ್ಲಿ ಬಂತು."

"ಗ್ರೂಪಲ್ಲಿ ಶುಕ್ರವಾರ ಅಂತ ಉಂಟಲ್ಲ ಕಾಕ."

"ಸೀಟ್ ಗ್ರೂಪಿನವರು ಕೊಡುವುದಾ?"

ನಾನು ವಾದ ಮುಂದುವರಿಸುವಷ್ಟರಲ್ಲಿ ಅಮ್ಮ ಫೈಲಿನೊಂದಿಗೆ ಸ್ಕೂಟರ್ ಹತ್ತಿಯಾಗಿತ್ತು. ಸೀಟು ಬೇಕಾದವಳು ನಾನು ಎಂದು ನೆನಪಿಸಿ ಇಳಿಸಬೇಕಾಯಿತು. ಕಾಲೇಜು ತಲುಪಿದಾಗ ಗುಮಾಸ್ತರು ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು. ನನ್ನ ಮುಖ ನೋಡಿ ಮತ್ತೆ ತೆಗೆದರು. ಸೀಟು ಸಿಕ್ಕಿತು.

ಈ ವರ್ಷ ಕಾಕ ತೀರಿಕೊಂಡರು. ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಅವರ ಮಗ ನನ್ನನ್ನು ಕರೆದರು. "ಇದರಲ್ಲಿ ನಿನಗೆ ಎಂತಾದ್ರೂ ಬೇಕಾ?"

ರೀಡರ್ ತೆರೆದೆ. ಪಟ್ಟಿಯ ಕೊನೆಯಲ್ಲಿ 'ಕೋಳಿ' ಎಂಬ ಫೋಲ್ಡರ್. ಒಳಗೆ ಒಂದೇ ಫೀಡು, ನನ್ನ ಕಾಲೇಜಿನ ನೋಟಿಸುಗಳದ್ದು. ಸೀಟು ಸಿಕ್ಕ ಮೇಲೂ ಕಾಕ ಅದನ್ನು ತೆಗೆದಿರಲಿಲ್ಲ. ಒಂದೂ ಬಿಡದೆ ಓದಿದ ಗುರುತಿತ್ತು. "ರಿಸಲ್ಟ್ ಇನ್ನೂ ಬಂದಿಲ್ಲ ಕಾಕ" ಎಂದು ನಾನು ಎರಡು ವಾರ ಬಿಟ್ಟ ಬುರುಡೆ ಅವರಿಗೆ ಮೊದಲ ದಿನವೇ ಗೊತ್ತಿತ್ತು.

ಆ ಪಟ್ಟಿ ಈಗ ನನ್ನ ಫೋನಿನಲ್ಲಿದೆ. ಇದೆಂತ ಅಜ್ಜಂದಿರ ಕಾಲದ್ದು ಎಂದು ಕ್ಲಾಸಿನವರು ನಗುತ್ತಾರೆ. ಫೋಲ್ಡರಿನ ಹೆಸರು ನಾನು ಬದಲಿಸುವುದಿಲ್ಲ. ಓದುವುದೂ ಕೆಳಗಿನಿಂದಲೇ. ನಗುವವರು ಗ್ರೂಪಿನಲ್ಲಿ ಶುಕ್ರವಾರಕ್ಕೆ ಕಾಯುತ್ತಾ ಇರಲಿ.