ಏಳನೆಯ ಹೆಸರು

ನಮ್ಮ ಮನೆಯಲ್ಲಿ ಯಾರು ಎಲ್ಲಿಗೆ ಹೊರಟರೂ ಬುತ್ತಿಯ ರೊಟ್ಟಿ ಬಡಿಯುವವಳು ಚಂದವ್ವತ್ತೆ. ರೊಟ್ಟಿಗಳು ಊರು ಸುತ್ತುತ್ತವೆ, ಅತ್ತೆ ಮನೆಯಲ್ಲಿ ಉಳಿಯುತ್ತಾಳೆ. ಅವಳು ನಮ್ಮಪ್ಪನ ತಂಗಿ. ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು ನಮ್ಮೂರು ಗೊಳಸಂಗಿಗೆ ಮರಳಿದವಳು, ವಿಜಯಪುರದಾಚೆ ಹೋದದ್ದಿಲ್ಲ. ಬರುತ್ತೀಯಾ ಎಂದು ನಾವ್ಯಾರೂ ಕೇಳಿದ್ದೂ ಇಲ್ಲ. ನೆಪ ತಯಾರೇ ಇತ್ತು: ಎಮ್ಮೆ. ಅವಳ ಹೊರತು ಬೇರೆ ಯಾರು ಹಾಲು ಹಿಂಡಲು ಕೂತರೂ ಒದೆಯುತ್ತದೆ.

ಈ ದೀಪಾವಳಿ ರಜೆಗೆ ನಾನು ದೊಡ್ಡ ಯೋಜನೆ ಹಾಕಿದೆ. ಧಾರವಾಡ, ದಾಂಡೇಲಿ, ಅಣಶಿಯ ದಟ್ಟ ಕಾಡಿನೊಳಗೆ ಘಟ್ಟ ಇಳಿದು ಕಾರವಾರ, ಅಲ್ಲಿಂದ ಕಡಲ ದಂಡೆಗುಂಟ ಗೋಕರ್ಣ. ಶಾಲೆ ಮಾಸ್ತರ ನಾನು, ಸುಮ್ಮನೆ ಬಿಡುತ್ತೇನೆಯೇ? ದೊಡ್ಡ ಹಾಳೆಯಲ್ಲಿ ನಕ್ಷೆ ಬರೆದು, ಕೆಳಗೆ ಬಾಡಿಗೆ ಗಾಡಿಯ ಏಳು ಸೀಟಿಗೆ ಏಳು ಹೆಸರು ಬರೆದು ಪಡಸಾಲೆಯ ಗೋಡೆಗೆ ಅಂಟಿಸಿದೆ. ತಮ್ಮ, ಅವನ ಹೆಂಡತಿ, ಮಗಳು, ನನ್ನ ಹೆಂಡತಿ ರಾಜಶ್ರೀ, ನಮ್ಮಿಬ್ಬರು ಮಕ್ಕಳು, ಕೊನೆಗೆ ನಾನು.

ಅತ್ತೆ ದಿನಾ ಅದರ ಮುಂದೆ ನಿಲ್ಲುತ್ತಿದ್ದಳು. "ಆ ಅಡವ್ಯಾಗ ಬಿಸಲ ನೆಲಕ್ಕ ಬೀಳಂಗಿಲ್ಲಂತ, ಖರೇ ಏನೋ ಬಸು?" "ಸಮುದ್ರದ ದಂಡಿಗೆ ಚಪ್ಪಲಿ ಹಾಕ್ಕೋಬೇಕೋ, ಬಿಡಬೇಕೋ?" ನಾನು ತರಗತಿಯಲ್ಲಿ ಹೇಳಿದ ಹಾಗೆ ಹೇಳುತ್ತಿದ್ದೆ. ಅವಳು ಯಾಕೆ ಕೇಳುತ್ತಿದ್ದಾಳೆ ಎಂಬುದು ಈ ದಡ್ಡ ತಲೆಗೆ ಹೊಳೆಯಲಿಲ್ಲ.

ಹೊರಡಲು ಮೂರು ದಿನವಿದ್ದಾಗ, ಬೆಳಿಗ್ಗೆ ಕೊಟ್ಟಿಗೆಗೆ ಹೋದೆ. ಪಕ್ಕದ ಮನೆಯ ಜೈತುನಬಿ ಅತ್ತೆಯ ಹಳೇ ಹಸಿರು ಸೀರೆ ಹೊದ್ದು ಹಾಲು ಹಿಂಡುತ್ತಿದ್ದಳು. ಎಮ್ಮೆ ತೆಪ್ಪಗೆ ನಿಂತಿತ್ತು.

"ಇದೇನವಾ ವೇಷ?" ಎಂದು ನಕ್ಕೆ.

"ಹದಿನೈದು ದಿನಾ ಆತ್ರಿ ಸರ. ಸೀರಿ ವಾಸನಿಗೆ ಎಮ್ಮಿ ಸುಮ್ಮನಿರತೈತಿ. ಚಂದವ್ವಾರು ಸಮುದ್ರಕ್ಕ ಹೊಂಟಾರಲ್ರಿ, ಅದಕ್ಕ ರೂಢಿ ಮಾಡಸಾಕತ್ತಾರ."

ಅತ್ತೆಯ ಕೈಯ ರೊಟ್ಟಿ ತಿಂದೇ ಬೆಳೆದವನು ನಾನು. ಅವಳಿಗೂ ಆಸೆಯಿರಬಹುದು ಎಂದು ಒಮ್ಮೆಯೂ ಅನಿಸಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಒಳಗೆ ಬಂದರೆ ಅತ್ತೆ ಹಾಳೆಯ ಮುಂದೆಯೇ ಇದ್ದಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

"ಬಸು, ಇದ್ರಾಗ ನನ್ನ ಹೆಸರ ಯಾವದೋ?"

ನಿಜ ಹೇಳಲು ಬಾಯಿ ಬರಲಿಲ್ಲ. ಏಳನೆಯ ಹೆಸರಿನ ಮೇಲೆ ಬೆರಳಿಟ್ಟೆ. "ಇದು ನೋಡತ್ತಿ."

ಗಣತಿಯ ಡ್ಯೂಟಿ ಬಂತೆಂದು ಸುಳ್ಳು ಹೇಳಿ ಮನೆಯಲ್ಲಿ ಉಳಿದೆ. ರಾಜಶ್ರೀ ನಂಬಲಿಲ್ಲ, ಆದರೂ ಚೀಲದಿಂದ ನನ್ನ ಬಟ್ಟೆ ತೆಗೆದು ಅತ್ತೆಯ ಸೀರೆ ತುಂಬಿದಳು. ಹಾಳೆಯಲ್ಲಿ ನನ್ನ ಹೆಸರು ಹೊಡೆದು ಅವಳದನ್ನು ಬರೆದಿಡೋಣವೆಂದರೆ ಅತ್ತೆ ಆಗಲೇ ಅದನ್ನು ಗೋಡೆಯಿಂದ ಬಿಡಿಸಿ, ಮಡಚಿ, ಎಲೆಯಡಿಕೆಯ ಚಂಚಿಯೊಳಗೆ ಇಟ್ಟುಕೊಂಡಿದ್ದಳು. ಗಾಡಿ ಹತ್ತುವಾಗ ನನ್ನ ಗಲ್ಲ ಹಿಡಿದು, "ಎಲ್ಲಾ ನೀನ ಬರದಿ, ನಿನಗ ಬರಾಕ ಆಗಲಿಲ್ಲಲ್ಲೋ" ಎಂದು ಮರುಗಿದಳು. ನಾನು ಅವಳ ಚಪ್ಪಲಿ ನೋಡುತ್ತ ನಿಂತೆ. ಹೊಸವು.

ತಿರುಗಿ ಬಂದು ತಿಂಗಳಾಯಿತು. ಮನೆಗೆ ಯಾರೇ ಬರಲಿ, ಅತ್ತೆ ಕಡಲಿನ ಸುದ್ದಿ ಹೇಳಿ ಮುಗಿಸಿ, ಚಂಚಿಯಿಂದ ಹಾಳೆ ತೆಗೆದು ಏಳನೆಯ ಸಾಲಿನ ಮೇಲೆ ಬೆರಳಿಡುತ್ತಾಳೆ. "ಇದು ನನ್ನ ಹೆಸರು ನೋಡ್ರಿ. ನಮ್ಮ ಬಸು ಬರದಾನ."

ಓದಲು ಬರುವವರು ಓದುತ್ತಾರೆ. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡುತ್ತಾರೆ.