ಜಟ್ಟೆಮ್ಮ ಕಾದ ಬಾವಿಗೋಡೆ

ಕೆ.ಆರ್. ಪುರದ ನಮ್ಮ ವಠಾರದ ಹಿಂದೆ ಒಂದು ಹಳೇ ಕಲ್ಲುಬಾವಿ ಇದೆ. ಅದರ ಮೆಟ್ಟಿಲು ಗುಡಿಸುವವಳು ಜಟ್ಟೆಮ್ಮ. ಯಾದಗಿರಿ ಕಡೆಯವಳು. ಇಪ್ಪತ್ತು ವರ್ಷ ಗಾರೆ ಕೆಲಸ ಮಾಡಿ, ಸೊಂಟ ಹಿಡಿದುಕೊಂಡ ಮೇಲೆ ಇಲ್ಲಿಗೆ ಬಂದಳು. ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಟ್ಟವಳಲ್ಲ. ಹಾಗೆಂದು ಯಾರೂ ಅವಳನ್ನು ಹೊಗಳಿದ್ದಿಲ್ಲ. ಆ ವಿಷಯದಲ್ಲಿ ನಮ್ಮ ವಠಾರದವರು ಬಲು ಜಿಪುಣರು.

ಎರಡು ವರ್ಷದ ಹಿಂದೆ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಸುಕನ್ಯ ಬಾವಿಗಿಳಿದು, ಬಿಸಿಲು ತಾಗದ ಗೋಡೆಯಲ್ಲಿ ಅಂಗೈಯಗಲದ ಹಸಿರೊಂದನ್ನು ಕಂಡರು. ಲಿವರ್‌ವರ್ಟ್ ಅಂತೆ. ನಮಗೆ ಅದು ಬರೀ ಪಾಚಿ. ಹೂವಿಲ್ಲ, ಕಾಯಿಲ್ಲ, ಕಲ್ಲುಸಂದಿಯ ತೇವ ನೆಚ್ಚಿಕೊಂಡು ಬದುಕುತ್ತದೆ. ಬೇಸಿಗೆಯಲ್ಲಿ ಕರಿದಾರದಂತೆ ಮುರುಟಿಕೊಂಡು, ಮಳೆ ಬಿದ್ದರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಈ ಭಾಗದಲ್ಲೆಲ್ಲ ಹುಡುಕಿದರೂ ಅವರಿಗೆ ಸಿಕ್ಕಿದ್ದು ಅದೊಂದೇ ಕಡೆ.

"ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ ಜಟ್ಟೆಮ್ಮ" ಎಂದು ಕೈಹಿಡಿದು ಹೇಳಿಹೋದರು.

ಈ ಬೇಸಿಗೆಯಲ್ಲಿ ಬಾವಿಯ ಯಜಮಾನ ಮುನಿಆಂಜನಪ್ಪ ಗೋಡೆ ಕೆರೆಸಲು ಆಳುಗಳನ್ನು ಕರೆಸಿದರು. ಜಟ್ಟೆಮ್ಮನಿಗೆ ದಿಗಿಲಾಯಿತು. ಪಾಯ ತೆಗೆಯುವಾಗ ಸುಣ್ಣದ ಗೆರೆ ಎಂದರೆ ಲಕ್ಷ್ಮಣರೇಖೆ, ಯಾವ ಗಾರೆಯವನೂ ಅದನ್ನು ದಾಟುವುದಿಲ್ಲ. ಅವಳು ಹಸಿಸುಣ್ಣ ಕಲಸಿ ಪಾಚಿಯ ಸುತ್ತ ದಪ್ಪಗೆ ಬಳಿದಳು. ಆಳುಗಳು ಅಷ್ಟನ್ನು ಬಿಟ್ಟು ಉಳಿದದ್ದನ್ನು ಕೆರೆದು ಹೋದರು. ಅಂದು ಅವಳ ಮುಖ ನೋಡಬೇಕಿತ್ತು.

ಮೊದಲ ಮಳೆಗೆ ಸುಣ್ಣ ಕರಗಿ ಪಾಚಿಯ ಮೇಲಿಳಿಯಿತು. ಅದು ಬಿಚ್ಚಿಕೊಳ್ಳಲಿಲ್ಲ. ಮೂರನೇ ಮಳೆಗೂ ಇಲ್ಲ.

ಸುಕನ್ಯ ಬಂದವರೇ ಕೂಗಿಕೊಂಡರು. "ಸುಣ್ಣ ಯಾರ್ ಹಾಕಿದ್ದು? ಎಲ್ಲಾ ಸುಟ್ಟುಹೋಗಿದೆ!"

"ಆ ಕೂಲಿಯವ್ರದೇ ಕೆಲ್ಸ ಮೇಡಂ, ಊರಿಗ್ ಹೋಗ್ಬಿಟ್ರು" ಎಂದರು ಮುನಿಆಂಜನಪ್ಪ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಜಟ್ಟೆಮ್ಮ ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ನಾನೇ ಹಾಕೀನ್ರಿ ಅಕ್ಕೋರ. ಯಾರೂ ಮುಟ್ಟಬಾರ್ದಂತ ಹಾಕೀನ್ರಿ."

ಸುಕನ್ಯ ಬೈಯಲು ಬಾಯಿ ತೆರೆದವರು ಹಾಗೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಮೊಬೈಲಿನಲ್ಲಿ ಹೋದ ವರ್ಷದ ಫೋಟೋ ದೊಡ್ಡದು ಮಾಡಿ ತೋರಿಸಿದರು. ಕವಲೊಡೆದ ಹಸಿರು ಪಟ್ಟಿಗಳು, ಅಂಚಿಗೆ ನೇರಳೆ ಬಣ್ಣ, ಮೈತುಂಬ ಸೂಜಿ ಚುಚ್ಚಿದಂಥ ಚುಕ್ಕೆಗಳು, ತುದಿಯ ಕೆಳಗೆ ಮಿರುಗುವ ಪುಟ್ಟ ಕಪ್ಪು ಚೀಲ. ಎರಡು ವರ್ಷ ಕಾದವಳಿಗೆ ಅದನ್ನು ಹತ್ತಿರದಿಂದ ನೋಡು ಎಂದು ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಆ ನಾಚಿಕೆ ನನಗೆ ಇನ್ನೂ ಇದೆ.

"ಇಷ್ಟ್ ಚಂದ ಇತ್ತೇನ್ರಿ ಇದು?" ಎಂದಳು ಜಟ್ಟೆಮ್ಮ. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.