ಗೋಡೆಗೇರದ ಫೋಟೊ

ಕಳೆದ ವಾರ ಆಫೀಸಿನಲ್ಲಿ ನೋವಿನ ಎಣ್ಣೆಯ ವಾಸನೆ ಮೂಗಿಗೆ ಅಡರಿತು. ಪಕ್ಕದ ಕುರ್ಚಿಯ ಅಮೆರಿಕದ ಸಹೋದ್ಯೋಗಿ ಭುಜ ಉಳುಕಿಸಿಕೊಂಡು ಬಂದಿದ್ದ. ಕಾಲರಿನೊಳಗೆ ಕೈ ತೂರಿಸಿ ತಿಕ್ಕಿಕೊಳ್ಳುತ್ತಲೇ ಫೋನಿನಲ್ಲಿ ಯಾರೊಂದಿಗೋ ಜೋರು ವಾದ. ಶಕ್ತಿ ಹೆಚ್ಚಿಸುವ ಮದ್ದು ತೆಗೆದುಕೊಂಡು ಆಡಿದರೆಂಬ ಆಪಾದನೆ ಹೊತ್ತ ಬೇಸ್‌ಬಾಲ್ ಆಟಗಾರರಿಗೆ, ಮಹಾನ್ ಆಟಗಾರರನ್ನು ಗೌರವಿಸುವ ಅವರ ದೇಶದ ಹಾಲ್ ಆಫ್ ಫೇಮ್‌ನಲ್ಲಿ ಜಾಗ ಕೊಡಬೇಕೋ ಬೇಡವೋ ಎಂಬ ಜಗಳ. ಫೋನಿಟ್ಟವನೇ ನನ್ನ ಕಡೆ ತಿರುಗಿ, "ನೀನು ಹೊರಗಿನವಳು, ನೀನೇ ಹೇಳು" ಎಂದ. ನನಗೆ ಬೇಸ್‌ಬಾಲ್ ಗೊತ್ತಿಲ್ಲ ಎಂದು ಹೇಳಿ ಎದ್ದುಹೋದೆ. ಸುಮ್ಮನೆ ಲಿಫ್ಟಿನಲ್ಲಿ ಕೆಳಗಿಳಿದೆ, ಮತ್ತೆ ಮೇಲೆ ಬಂದೆ. ಕೂತಲ್ಲಿ ಕೂರಲಾಗಲಿಲ್ಲ. ಆ ವಾಸನೆ ನಮ್ಮ ಪಕ್ಕದ ಮನೆಯ ಕಾಕಾ ಅವರದು.

ಲಂಡನ್ನಿನ ಇಲ್ಫರ್ಡ್‌ನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಕಾಕಾ ವಿಜಯಪುರದವರು. ಪಾರ್ಕ್ ರಾಯಲ್‌ನ ಬ್ರೆಡ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದರು. ಹರೆಯದಲ್ಲಿ ಸೈಕಲ್ ರೇಸಿನವರು. ದೇಶಮಟ್ಟದ ದೊಡ್ಡ ರೇಸೊಂದನ್ನು ಗೆದ್ದಿದ್ದರು. ಅದರ ಫೋಟೊ ಅವರ ಹಾಲಿನಲ್ಲಿತ್ತು. ಕೊರಳಲ್ಲಿ ಮಾಲೆ, ಮುಖದ ತುಂಬ ಧೂಳು, ಹಲ್ಲು ಮಾತ್ರ ಬೆಳ್ಳಗೆ. ಹೆಂಡತಿ ತೀರಿಕೊಂಡ ಮೇಲೆ ಮಗಳೊಂದಿಗೆ ಇದ್ದರು. ಮಗಳೂ ರೇಸಿನವಳೇ.

ನಲವತ್ತು ದಾಟಿದ ನನಗೆ ಸೈಕಲ್ ಕಲಿಸಿದ್ದು ಕಾಕಾ. ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಸೀಟು ಹಿಡಿದುಕೊಂಡು ನನ್ನ ಹಿಂದೆ ಓಡುತ್ತಿದ್ದರು. ಮೊಣಕಾಲಿಗೆ ಹಚ್ಚಿಕೊಂಡ ಎಣ್ಣೆಯ ವಾಸನೆ ನನ್ನ ಬೆನ್ನಿಗೇ ಬರುತ್ತಿತ್ತು. "ಅಂಜಬ್ಯಾಡ ತಂಗಿ, ನೀ ಅಂಜಿದ್ದು ಗಾಡಿಗೆ ಗೊತ್ತಾಗ್ತೈತಿ" ಎನ್ನುತ್ತಿದ್ದರು. ಬಿದ್ದರೆ ನಗುತ್ತಿರಲಿಲ್ಲ. ನನ್ನಂಥ ಎಷ್ಟೋ ಹೆಂಗಸರಿಗೆ, ನಮ್ಮ ಬೀದಿಯ ಬಂಗಾಳಿ, ಪಂಜಾಬಿ ಮನೆಗಳವರಿಗೆಲ್ಲ ಕಲಿಸಿದವರು ಅವರು. ಹಾಗೆ ಕಲಿತವರೇ ಕಟ್ಟಿದ್ದು ನಮ್ಮ ಪುಟ್ಟ ಸೈಕಲ್ ಕ್ಲಬ್.

ಕೆಲವು ವರ್ಷಗಳ ಹಿಂದೆ ಕ್ಲಬ್ಬಿಗೆ ನಗರಾಡಳಿತದ ಕೌನ್ಸಿಲ್‌ನವರು ಒಂದು ಕೋಣೆ ಕೊಟ್ಟರು. ಅದರ ಒಂದು ಗೋಡೆಯ ಮೇಲೆ ರೇಸ್ ಗೆದ್ದವರ ಫೋಟೊ ಹಾಕಿ ಗೌರವಿಸೋಣ ಎಂದು ತೀರ್ಮಾನವಾಯಿತು. ಮೊದಲನೆಯದು ಯಾರದೆಂದು ಯಾರೂ ಕೇಳಲಿಲ್ಲ. ಕಾಕಾ ತಾವೇ ಫೋಟೊ ತೆಗೆದುಕೊಂಡು ಹೋಗಿ ಹೊಸ ಚೌಕಟ್ಟು ಹಾಕಿಸಿದರು.

ಆ ದಿನಗಳಲ್ಲೇ ಬೆಳಗಾವಿಯಿಂದ ಅವರ ಹಳೆಯ ಜೊತೆಗಾರರೊಬ್ಬರು ಲಂಡನ್ನಿಗೆ ಮಗನ ಮನೆಗೆ ಬಂದಿದ್ದರು. ಕಾಕಾ ಅವರನ್ನು ಊಟಕ್ಕೆ ಕರೆದರು, ನನ್ನನ್ನೂ ಕರೆದರು. ರೊಟ್ಟಿ, ಎಣಗಾಯಿ, ಹಳೆಯ ರೇಸಿನ ಮಾತು. ಫೋಟೊ ಗೋಡೆಗೇರುವ ಸುದ್ದಿ ಕೇಳಿ ಆ ಜೊತೆಗಾರರು ಗಹಗಹಿಸಿ ನಕ್ಕರು.

"ಯಾರ ಫೋಟೋ ಹಾಕ್ತಾರೋ? ಆವತ್ತು ನಿನ್ನ ಕಾಲು ಓಡ್ಲಿಲ್ಲ, ಡಾಕ್ಟರ್ ಕೊಟ್ಟ ಗುಳಿಗಿ ಓಡಿದ್ವು!"

ಅವರಿಗೆ ಅದು ಹಳೆಯ ತಮಾಷೆ. ಕಾಕಾ ನಗಲಿಲ್ಲ. ಮಗಳು ಬಡಿಸುತ್ತಿದ್ದ ಪಾತ್ರೆಯನ್ನು ಮೇಜಿನ ಮೇಲಿಟ್ಟಳು. ಅವಳೋ, ರೇಸಿನ ನಂತರದ ಮದ್ದು ಪತ್ತೆಯ ಪರೀಕ್ಷೆಗೆ ಹೆದರಿ ಕೆಮ್ಮಿನ ಔಷಧಿಯನ್ನೂ ವಿಚಾರಿಸದೆ ಕುಡಿಯದವಳು.

"ಅಪ್ಪಾ, ನಿಜಾನಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಹೌದು. ಆಗ ಎಲ್ಲಾರೂ ತಗೋತಿದ್ರು. ಗುಳಿಗಿ ಏನು ಪೆಡಲ್ ತುಳೀತೈತೇನು? ತುಳದಾಂವ ನಾನ."

"ಎರಡನೆಯವನಾಗಿ ಬಂದವನೂ ತಗೊಂಡಿದ್ದನಾ?"

ಕಾಕಾ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿದರು. "ಅಂವಂದು ಗೊತ್ತಿಲ್ಲ" ಎಂದರು.

ಆ ಊಟ ಹೇಗೆ ಮುಗಿಯಿತೋ...

ಮಾತು ಕ್ಲಬ್ಬಿಗೆ ಮುಟ್ಟಿತು. ಮುಟ್ಟಿಸಿದವಳು ಮಗಳೇ, ಅದೂ ತಂದೆಗೆ ಮೊದಲೇ ಹೇಳಿ. ಸಮಿತಿ ಸೇರಿತು. ಅದರಲ್ಲಿ ನಾನೂ ಇದ್ದೆ, ಮಗಳೂ ಇದ್ದಳು. ಅಂದು ಯಾರೂ ಹಿಡಿಯಲಿಲ್ಲ, ಇಂದು ಕೆದಕುವುದೇಕೆ ಎಂದರು ಕೆಲವರು. ನಮಗೆಲ್ಲ ಸೈಕಲ್ ಕಲಿಸಿದ ಮನುಷ್ಯ, ಅದಕ್ಕೆ ಬೆಲೆಯಿಲ್ಲವೇ ಎಂದರು ಇನ್ನು ಕೆಲವರು. ಕಾಕಾ ಎದ್ದುನಿಂತು ಸಂಕೋಚವಿಲ್ಲದೆ ಕೇಳಿದರು. ತಪ್ಪು ಮಾಡಿದ್ದೇನೆ, ಆದರೆ ಆ ಬಿಸಿಲಲ್ಲಿ, ಆ ಏರಿನಲ್ಲಿ ತುಳಿದದ್ದು ಸುಳ್ಳಲ್ಲ, ಫೋಟೊ ಹಾಕಿರಿ ಎಂದರು. ದೊಡ್ಡವರಾಗಿ ತಾವೇ ಹಿಂದೆ ಸರಿಯುತ್ತಾರೆಂದು ನಾವೆಲ್ಲ ಕಾದಿದ್ದೆವು. ಅವರು ಸರಿಯಲಿಲ್ಲ.

ಆಮೇಲೆ ಮಗಳು ಎದ್ದಳು. "ಅವರು ಒಳ್ಳೆಯ ತಂದೆ, ಒಳ್ಳೆಯ ಗುರು. ಆದರೆ ಈ ಫೋಟೊ ಒಂದು ರೇಸಿನದು. ಆ ರೇಸಿನಲ್ಲಿ ಸೋತವನ ಹೆಸರೂ ನಮಗೆ ಗೊತ್ತಿಲ್ಲ" ಎಂದಳು. ಬೇಡ ಎನ್ನುವವರು ಕೈ ಎತ್ತಿರಿ ಎಂದಾಗ ಮೊದಲು ಮೇಲೆದ್ದದ್ದು ಅವಳ ಕೈ. ನಾನೂ ಎತ್ತಿದೆ. ಬೇಡ ಎಂದವರೇ ಹೆಚ್ಚಾದರು.

ಮುಂದಿನ ಭಾನುವಾರ ಅವರು ಪಾರ್ಕಿಗೆ ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ನನ್ನ ಸೈಕಲ್ಲಿನ ಗಾಲಿಗೆ ಗಾಳಿ ತುಂಬುತ್ತ, ತಲೆ ಎತ್ತದೆ ಹೇಳಿದರು.

"ನೀವು ಮಾಡಿದ್ದು ಬರೋಬ್ಬರಿ ಐತಿ ತಂಗಿ. ಆದ್ರ ನನಗ ಅದು ಬೇಕಾಗಿತ್ತು. ಭಾಳ ಬೇಕಾಗಿತ್ತು."

ಆಮೇಲೂ ಅವರು ವರ್ಷಗಟ್ಟಲೆ ಬಂದರು, ಹೊಸಬರ ಹಿಂದೆ ಓಡಿದರು. ಕ್ಲಬ್ಬಿನ ಕೋಣೆಯೊಳಗೆ ಮಾತ್ರ ಕಾಲಿಡಲಿಲ್ಲ. ಚಹಾ ಹೊರಗೇ ತರಿಸಿಕೊಂಡು ಕುಡಿಯುತ್ತಿದ್ದರು, ಮಳೆಯಿದ್ದರೆ ಮರದ ಕೆಳಗೆ...

ಹೋದ ಚಳಿಗಾಲದಲ್ಲಿ ಎದೆನೋವೆಂದು ಆಸ್ಪತ್ರೆಗೆ ಹೋದವರು ಮನೆಗೆ ಮರಳಲಿಲ್ಲ.

ಈಗ ಕ್ಲಬ್ಬಿನಲ್ಲಿ ಮತ್ತೆ ಅದೇ ಮಾತು ಎದ್ದಿದೆ. ಹೋದವರ ಮೇಲೆ ಎಲ್ಲರಿಗೂ ಕರುಣೆ. ರೇಸಿನ ಫೋಟೊ ಬೇಡವಾದರೆ ಮುಪ್ಪಿನ ಫೋಟೊ ಹಾಕೋಣ, ಕಲಿಸಿದವರೆಂದು ಬರೆಯೋಣ ಎಂದರು ಒಬ್ಬರು. ಮಗಳು ಅದಕ್ಕೂ ಒಪ್ಪಿಲ್ಲ. ಅದು ಗೆದ್ದವರ ಗೋಡೆ, ಅಲ್ಲಿ ನಿಂತವರೆಲ್ಲ ಇವರು ಏನು ಗೆದ್ದರೆಂದು ಕೇಳುತ್ತಾರೆ ಎನ್ನುತ್ತಾಳೆ. ಅವಳ ಮಾತು ಸರಿ. ಆದರೆ ಸರಿ ಎಂದುಕೊಂಡು ಮಲಗಿದರೆ ನಿದ್ದೆ ಬರುವುದಿಲ್ಲ. ಎಲ್ಲೋ ಒಂದು ಊರಿನಲ್ಲಿ ಆ ಎರಡನೆಯವನೂ ಮುದುಕನಾಗಿರಬಹುದು, ಇಲ್ಲವೇ ತೀರಿಕೊಂಡಿರಬಹುದು. ಅವನಿಗೂ ಅದು ಬೇಕಾಗಿತ್ತೇನೋ.

ನಿನ್ನೆ ಸಂಜೆ ಮನೆಯೆದುರು ಕಸದ ಬಿನ್ ಎಳೆದು ಇಡುವಾಗ ಕಾಕಾ ಅವರ ಮಗಳು ಸಿಕ್ಕಳು. ಫೋಟೊ ಬಗ್ಗೆ ಮತ ಹಾಕುವುದು ಬರುವ ಭಾನುವಾರ, ಗೊತ್ತಲ್ಲ ಎಂದೆ. ತಲೆಯಾಡಿಸಿ ಒಳಗೆ ಹೊರಟವಳು ಬಾಗಿಲ ಹತ್ತಿರ ನಿಂತಳು. ತಂದೆ ಕನ್ನಡದಲ್ಲಿ ಕೇಳಿದ್ದಕ್ಕೆ ಜೀವನವಿಡೀ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟವಳು, ಈಗ ತಡವರಿಸುತ್ತ ಅವರದೇ ಕನ್ನಡದಲ್ಲಿ ಕೇಳಿದಳು.

"ಆಂಟಿ, ಅಪ್ಪಾ ನನ್ನ ಮ್ಯಾಲ ಸಿಟ್ಟಾಗಿದ್ರೇನ್ರಿ?"

"ಸಿಟ್ಟಿರಲಿಲ್ಲ ಕಣಮ್ಮ" ಎಂದೆ. "ಬೇಜಾರಿತ್ತು."

"ಹೌದು" ಎಂದಳು. ಅಳಲಿಲ್ಲ. ಒಳಗೆ ಹೋಗಲೂ ಇಲ್ಲ. ದೀಪ ಹಚ್ಚದ ಆ ಮನೆಯ ಮುಂದಿನ ಅವಳ ಬಿನ್ನನ್ನೂ ನಾನೇ ಎಳೆದು ರಸ್ತೆಗೆ ಇಟ್ಟೆ. ಭಾನುವಾರ ನನ್ನ ಕೈ ಯಾವುದಕ್ಕೆ ಏಳುತ್ತದೋ ನನಗಿನ್ನೂ ಗೊತ್ತಿಲ್ಲ.